ಅಕ್ಕನ ಪಾಲು
ಬೀದಿಯವರೆಲ್ಲ ಕ್ಯಾಶ್‌ಬ್ಯಾಕ್ ಮಾವ ಎಂದೇ ಕರೆಯುವ ಈ ಮುದಿ ದರ್ಜಿ ಒಂದು ಸೂಜಿ ಕೊಳ್ಳುವುದಿದ್ದರೂ ಆನ್‌ಲೈನ್ ಅಂಗಡಿಗೆ ನೇರವಾಗಿ ಹೋಗುವವರಲ್ಲ; ಮೊದಲು ಕ್ಯಾಶ್‌ಬ್ಯಾಕ್ ಸೈಟು ತೆರೆದು ಅಲ್ಲಿಂದಲೇ ಅಂಗಡಿಗೆ ಕಾಲಿಡಬೇಕು, ಆಗ ಮಾತ್ರ ಕೊಟ್ಟದ್ದರಲ್ಲಿ ಒಂದಿಷ್ಟು ವಾಪಸು. ಪಕ್ಕದ ಮನೆಯಾಕೆ ನೇರವಾಗಿ ಹೋಗಿ ಕುಕ್ಕರು ಕೊಂಡ ದಿನ ಅವರಿಗೆ ಊಟ ಸೇರಲಿಲ್ಲ. “ಅಲ್ಲಮ್ಮಾ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಮಾಲು ಹಿಂದಿರುಗಿಸುವ ಗಡುವು ಮುಗಿಯುವವರೆಗೆ ಆ ಹಣ ಸೈಟಿನಲ್ಲೇ ಕೂತಿರುತ್ತದೆ, ಆಮೇಲಷ್ಟೇ ಬ್ಯಾಂಕಿಗೆ, ಅಲ್ಲಿಯವರೆಗೆ ಮಾವ ಒಲೆಯ ಮೇಲಿಟ್ಟ ಹಾಲನ್ನು ಕಾಯುವಂತೆ ಫೋನು ಕಾಯುತ್ತಾರೆ. ಭಾನುವಾರ ಬಂತೆಂದರೆ ಏನಾದರೊಂದು ಕೊಳ್ಳಲೇಬೇಕು. “ಈ ಮನೇಲಿ ಶೂ ಹಾಕೋರೇ ಇಲ್ಲ, ಲೇಸು ಮಾತ್ರ ಹನ್ನೆರಡು ಜೊತೆ!” ಎಂದು ಹೆಂಡತಿ ಗೊಣಗಿದರೆ ನಗುತ್ತಲೇ ಮತ್ತೆ ಸೈಟು ತೆರೆಯುತ್ತಾರೆ. ಸೈಟಿಗೆ ಅವರನ್ನು ಸೇರಿಸಿದವಳು ಅವರ ಅಕ್ಕ. ಸೇರಿಸಿದವರಿಗೂ ಪ್ರತಿ ಖರೀದಿಯಲ್ಲಿ ಚೂರು ಪಾಲು ಹೋಗುತ್ತದೆ, ಇಂಥವರು ಕೊಂಡರು ಎಂಬ ಸಂದೇಶವೂ ಹೋಗುತ್ತದೆ. ಸೇರಿಸಿದ ಮೇಲೆ, ಅಮ್ಮನ ಹೊಲಿಗೆ ಯಂತ್ರ ಯಾರಿಗೆಂದು ಜಗಳವಾಡಿ ಅಕ್ಕ ತಮ್ಮ ಮಾತು ಬಿಟ್ಟು ಆರು ವರ್ಷವಾಗಿದೆ. ಹಿಂದೆ ಅದೇ ಯಂತ್ರದ ಮುಂದೆ ಕೂತು ಅಕ್ಕ ಅವರನ್ನು ದಾರದುಂಡೆ ತರಲು ಓಡಿಸುತ್ತಿದ್ದಳು. ಉಳಿದ ಚಿಲ್ಲರೆ ಚಾಚಿದರೆ, ತಲೆಯೆತ್ತದೆ, “ನೀನೇ ಇಟ್ಕೋ ಹೋಗೋ” ಎನ್ನುತ್ತಿದ್ದಳು. ಈಗ ಆ ಚಿಲ್ಲರೆ ವಾರಕ್ಕೊಮ್ಮೆ ಅವಳಿಗೆ ಮರಳುತ್ತಿದೆ. ಹೋದ ತಿಂಗಳು ಜ್ವರ ಬಂದು ಮಲಗಿದ್ದರಿಂದ ಒಂದು ಭಾನುವಾರ ಮಾವ ಏನೂ ಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆಯೇ ಫೋನು ಬಡಿದುಕೊಂಡಿತು, ಆರು ವರ್ಷದ ಮೇಲೂ ಅದೇ ಗದರುವ ದನಿ: “ಯಾಕೋ, ಈ ವಾರ ಏನೂ ತಗೊಂಡಿಲ್ಲ? ಹುಷಾರಾಗಿದ್ದೀಯಾ ತಾನೇ?”