ಮಗುವಿನ ದೇಶ, ತಾಯಿಯ ವೀಸಾ

ಕೊರೋನಾ ಮುಗಿದ ಮರುವರ್ಷ ನಾನು ಅಫಜಲಪುರ ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯಾಗಿದ್ದೆ. ಆಳಂದದಲ್ಲಿ ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ನೌಕರಿ ಆರಂಭಿಸಿ, ಜೇವರ್ಗಿಯಲ್ಲಿ ಬಹಳ ಕಾಲ ಕಳೆದು, ನಿವೃತ್ತಿಗೆ ಮುನ್ನ ಅಲ್ಲಿಗೆ ಬಂದಿದ್ದೆ. ಮೊಟ್ಟೆ, ಹಾಲಿನ ಪುಡಿ, ಸೋರುವ ಅಂಗನವಾಡಿ ಚಾವಣಿ, ಇಷ್ಟೇ ನಮ್ಮ ಕೆಲಸವೆಂದು ಜನ ತಿಳಿದಿರುತ್ತಾರೆ. ಆದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಾವು ಸಂರಕ್ಷಣಾಧಿಕಾರಿಗಳೂ ಹೌದು. ಮನೆಯಲ್ಲಿ ಹೊಡೆತ ತಿಂದ, ಮನೆಯಿಂದ ಹೊರಬಿದ್ದ ಹೆಣ್ಣುಮಗಳ ಹೇಳಿಕೆ ಬರೆದುಕೊಂಡು ವರದಿಯನ್ನು ಮ್ಯಾಜಿಸ್ಟ್ರೇಟರ ಮುಂದಿಡುವುದು, ಆದೇಶ ಬಂದರೆ ಅದು ಜಾರಿಯಾಗುವಂತೆ ನೋಡುವುದು ಈ ಹುದ್ದೆಯ ಇನ್ನೊಂದು ಹೊಣೆ. ಅಂಥ ಎಷ್ಟೋ ಪ್ರಕರಣಗಳನ್ನು ನಡೆಸಿದ್ದೇನೆ. ಕೆಲವರ ಮುಖ ಕೂಡ ಈಗ ನೆನಪಿಲ್ಲ. ನಿಲ್ಮಿನಿಯ ಮುಖ ಮರೆತಿಲ್ಲ.

ಹೋಳಿ ಹುಣ್ಣಿಮೆ ಆಗಿ ಕೆಲವು ದಿನ ಕಳೆದಿದ್ದವು. ಗೊಬ್ಬೂರಿನ ಅಂಗನವಾಡಿ ಕಾರ್ಯಕರ್ತೆ ಶಾಂತಾಬಾಯಿ ಫೋನ್ ಮಾಡಿದಳು. “ಮೇಡಂ, ಇಲ್ಲೊಬ್ಬಾಕಿ ಪರದೇಶದಾಕಿ ಕೂಸಿನ್ನ ಕಟ್ಕೊಂಡು ನಮ್ಮ ಅಂಗನವಾಡ್ಯಾಗ ಬಂದು ಕುಂತಾಳ್ರಿ. ಗಂಡ ಹೊರಗ ಹಾಕ್ಯಾನ. ನೀವೇ ಬರಬೇಕ್ರಿ.”

ಪರದೇಶದವಳೆಂದರೆ ಮಾತಿಗೆ ಯಾರನ್ನು ಹುಡುಕಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋದೆ. ನಾನು ಒಳಗೆ ಕಾಲಿಡುತ್ತಲೇ ಆ ಹೆಣ್ಣುಮಗಳು ಎದ್ದು ನಿಂತು, “ಬರ್ರಿ ಮೇಡಂ, ಕೂಡ್ರಿ” ಎಂದಳು. ನಮ್ಮದೇ ಕನ್ನಡ. ಅವಳ ಎಡಗಣ್ಣಿನ ಕೆಳಗೆ ನೀಲಿಗಟ್ಟಿತ್ತು. ನಾಲ್ಕು ವರ್ಷದ ಮಗಳು ಅಂಜಲಿ ಉಳಿದ ಮಕ್ಕಳ ಜೊತೆ ಉಪ್ಪಿಟ್ಟು ತಿನ್ನುತ್ತಿತ್ತು.

ನಿಲ್ಮಿನಿ ಶ್ರೀಲಂಕಾದವಳು. ದುಬೈನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಆರೈಕೆಯ ಕೆಲಸದಲ್ಲಿದ್ದಳು. ಗೊಬ್ಬೂರಿನ ಮಲ್ಲಿಕಾರ್ಜುನ ಅಲ್ಲಿಯೇ ಒಂದು ಕಂಪನಿಯಲ್ಲಿ ಎಸಿ ಮೆಕ್ಯಾನಿಕ್. ಪರಸ್ಪರ ಮೆಚ್ಚಿದರು, ಊರಿಗೆ ಬಂದು ಕಲಬುರಗಿಯಲ್ಲಿ ಮದುವೆ ನೋಂದಣಿ ಮಾಡಿಸಿದರು. ಹೆರಿಗೆಯೂ ಇಲ್ಲಿಯೇ ಆಯಿತು. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ಲಾಕ್‌ಡೌನ್ ಬಂತು, ಅವನ ದುಬೈ ಕೆಲಸ ಹೋಯಿತು, ಸಂಸಾರ ಗೊಬ್ಬೂರಿನಲ್ಲಿಯೇ ನಿಂತಿತು. ಮನೆಯವರು ಇವಳನ್ನು ನೀಲಮ್ಮ ಎಂದು ಕರೆದರು. ಸೀರೆ ಉಡಲು, ರೊಟ್ಟಿ ಬಡಿಯಲು ಕಲಿತಳು. ಗಂಡ ಚೌಡಾಪುರದ ರಸ್ತೆಯಲ್ಲಿ ಖಾನಾವಳಿ ತೆರೆದಾಗ ಒಲೆ ಮುಂದೆ ನಿಂತವಳು ಇವಳೇ. ನಾದಿನಿಯರಿಗೆ, ನೆಂಟರಿಗೆ ಈ ಸೊಸೆ ಮೊದಲಿನಿಂದಲೂ ಒಗ್ಗಿರಲಿಲ್ಲ. ಮೆಲ್ಲಗೆ ಗಂಡನಿಗೂ ಒಗ್ಗದಾದಳು. ಯಡ್ರಾಮಿಯ ಕಡೆ ಒಂದು ಹೆಣ್ಣು ನೋಡಿದ್ದಾರೆ ಎಂಬ ಮಾತು ಅವಳ ಕಿವಿಗೆ ಬಿತ್ತು. ಕೇಳಿದ್ದಕ್ಕೆ ಹೊಡೆತ ಬಿತ್ತು.

“ನನಗ ಮನಿ ಬ್ಯಾಡ್ರಿ” ಎಂದಳು. “ಕೂಸು ನನ್ನ ಹತ್ರ ಇದ್ರ ಸಾಕು. ವೀಸಾ ಮುಗಿಯಾಕ ಬಂದದ. ಅವರು ಸಹಿ ಮಾಡಂಗಿಲ್ಲ ಅಂದಾರ.”

ವೀಸಾ ಎಂಬ ಮಾತನ್ನು ಇಂಥ ಪ್ರಕರಣದಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಲಬುರಗಿಯಲ್ಲಿ ನಮ್ಮ ಇಲಾಖೆಯ ಪ್ರಕರಣಗಳನ್ನು ನೋಡುತ್ತಿದ್ದ ವಕೀಲೆಯೊಬ್ಬರು ಬಿಡಿಸಿ ಹೇಳಿದರು. ಭಾರತೀಯನ ಹೆಂಡತಿಯಾಗಿ ಬಂದ ವಿದೇಶಿ ಮಹಿಳೆಗೆ ಎಂಟ್ರಿ ವೀಸಾ ಕೊಡುತ್ತಾರೆ. ಅವಧಿ ಮುಗಿಯುವ ಮುನ್ನ ಅದನ್ನು ವಿಸ್ತರಿಸಿಕೊಳ್ಳಬೇಕು. ವಿಸ್ತರಣೆಗೆ ಗಂಡನ ಪತ್ರ ಬೇಕು, ಇಬ್ಬರೂ ಕೂಡಿ ಬಾಳುತ್ತಿದ್ದಾರೆಂದು ಪೊಲೀಸರು ವಿಚಾರಿಸಿ ವರದಿ ಕೊಡಬೇಕು. ಆ ವೀಸಾದ ಮೇಲೆ ಬೇರೆ ಅನುಮತಿಯಿಲ್ಲದೆ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ. ಇನ್ನು ಮಗು ಇಲ್ಲಿಯೇ ಹುಟ್ಟಿದ್ದು, ತಂದೆ ಭಾರತೀಯ, ಹಾಗಾಗಿ ಮಗು ಭಾರತದ ಪ್ರಜೆ. ಅದಕ್ಕೆ ಪಾಸ್‌ಪೋರ್ಟ್ ಆಗಬೇಕಾದರೆ ತಂದೆಯ ಒಪ್ಪಿಗೆ ಬೇಕು, ಇಲ್ಲವೇ ನ್ಯಾಯಾಲಯದ ಅನುಮತಿ.

ಕಾಯ್ದೆಯ ಮಾತು ಶುರುವಾಗುವ ಮುನ್ನ ಗಂಡನನ್ನು ನೋಡೋಣವೆಂದು ಖಾನಾವಳಿಗೆ ಹೋದೆ. ಮಲ್ಲಿಕಾರ್ಜುನ ಒರಟನಂತೆ ಕಾಣಲಿಲ್ಲ. ಕುರ್ಚಿ ಒರೆಸಿ ಕೂರಿಸಿದ, ಚಹಾ ತರಿಸಿದ.

“ಹೊಡದಿದ್ದು ಖರೇ ಅದರಿ” ಎಂದ. “ಆದ್ರ ಇನ್ನ ಬಾಳೇವು ಆಗಂಗಿಲ್ಲ. ದುಬೈದಾಗ ನಾವಿಬ್ರೂ ಬ್ಯಾರೆ ಮಂದಿ ಇದ್ವಿ. ಇಲ್ಲಿ ನಾ ಈ ಮನಿ ಮಗ.”

“ಬಾಳೇವು ಬ್ಯಾಡಂದ್ರ ಬ್ಯಾಡ. ಆಕಿ ನಿನ್ನ ಕೂಸಿನ ತಾಯಿ. ವೀಸಾಕ್ಕ ಒಂದು ಸಹಿ ಹಾಕಪ್ಪ.”

“ಸಹಿ ಹಾಕಿದ್ರ ಆಕಿ ಜೋಡಿ ಬಾಳೇವು ಮಾಡಾಕತ್ತೇನಿ ಅಂತ ಬರದು ಕೊಟ್ಟಂಗ ಆಗ್ತದ್ರಿ. ನಾಳೆ ಡೈವೋರ್ಸ್ ಹೆಂಗ ಸಿಗ್ತದ? ನಮ್ಮ ವಕೀಲರು ಬ್ಯಾಡಂದಾರ.”

ಅವನ ಮಾತಿನಲ್ಲಿ ಲೆಕ್ಕಾಚಾರವಿತ್ತು, ಸುಳ್ಳಿರಲಿಲ್ಲ. ಸಹಿ ಹಾಕಿದರೆ ಕಾನೂನಿನ ಕಣ್ಣಿಗೆ ಹಾಗೆಯೇ ಕಾಣುತ್ತಿತ್ತು. ಅವನ ತಾಯಿ ಗುರುಬಾಯಿ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ಜೀಪು ಹತ್ತುವಾಗ ಹಿಂದೆಯೇ ಬಂದರು. “ಹುಡುಗಿ ಕೆಟ್ಟಾಕಿ ಅಲ್ರಿ ಬಾಯಾರ. ನನ್ನ ಮಂಡಿ ಹಿಡಕೊಂಡಾಗ ಆಕಿನೇ ತಿಕ್ಕಿದಾಕಿ. ಆದ್ರ ಮಗನ ಎದುರು ನಾ ಹ್ಯಾಂಗ ನಿಲ್ಲಲಿ?” ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ನಾನು ವರದಿ ಸಲ್ಲಿಸಿದೆ. ಮ್ಯಾಜಿಸ್ಟ್ರೇಟರು ಬೇಗನೆ ಮಧ್ಯಂತರ ಆದೇಶ ಕೊಟ್ಟರು. ಹೆಂಡತಿಯನ್ನು ಮನೆಯಿಂದ ಹೊರಹಾಕುವಂತಿಲ್ಲ, ಮಗು ಸದ್ಯ ತಾಯಿಯ ಬಳಿ ಇರಲಿ ಎಂದಿತ್ತು ಅದರಲ್ಲಿ. ತಾಯಿ ಮಗುವನ್ನು ದೇಶದಿಂದಾಚೆ ಕರೆದೊಯ್ಯಬಹುದೆಂದು ಗಂಡನ ಕಡೆಯವರು ಆಕ್ಷೇಪಿಸಿದ್ದರಿಂದ, ನ್ಯಾಯಾಲಯದ ಅನುಮತಿಯಿಲ್ಲದೆ ಮಗು ಜಿಲ್ಲೆ ಬಿಡಕೂಡದು ಎಂಬ ಷರತ್ತೂ ಸೇರಿತು. ನಮ್ಮ ವಕೀಲೆ ವೀಸಾದ ಪ್ರಶ್ನೆ ಎತ್ತಿದಾಗ ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. “ಇವರು ಆ ಮನೆಯಲ್ಲಿರಬಹುದು ಎಂದು ನಾನು ಹೇಳಬಲ್ಲೆ. ಈ ದೇಶದಲ್ಲಿರಬಹುದು ಎಂದು ಹೇಳುವ ಅಧಿಕಾರ ನನಗಿಲ್ಲ” ಎಂದರು.

ಆದೇಶ ಹಿಡಿದು ಪೊಲೀಸರೊಂದಿಗೆ ಅವಳನ್ನು ಮನೆ ಮುಟ್ಟಿಸಿದೆ. ಮನೆಯವರು ಬಾಗಿಲು ತೆರೆದರು. ಆದರೆ ಯಾರೂ ಮಾತಾಡಿಸಲಿಲ್ಲ, ಅಡುಗೆಮನೆಗೆ ಬೀಗ ಬಿತ್ತು. ವಾರ ಕಳೆಯುವುದರೊಳಗೆ ಮಗುವನ್ನೆತ್ತಿಕೊಂಡು ಶಾಂತಾಬಾಯಿಯ ಮನೆಗೆ ಬಂದಳು. ಕಲಬುರಗಿಯ ಮಹಿಳಾ ನಿಲಯದಲ್ಲಿ ಸ್ವಲ್ಪ ಕಾಲ ಇರಿಸಿದೆ. ಅಲ್ಲಿಂದ ನೌಕರಿಗೆ ಹೋಗುವಂತಿಲ್ಲ, ನಮ್ಮ ಯೋಜನೆಗಳಲ್ಲಿ ಹೆಸರು ಬರೆಸಲು ಪಡಿತರ ಚೀಟಿ ಗಂಡನ ಮನೆಯದು. ಅವಳ ತಾಯಿಗೆ ಫೋನ್ ಮಾಡಿದರೆ ಅತ್ತ ಅವರ ದೇಶದಲ್ಲಿಯೇ ಗ್ಯಾಸಿಗೆ, ಪೆಟ್ರೋಲಿಗೆ ಜನ ಸಾಲು ನಿಂತ ಕಾಲ. ಮಗಳಿಗೆ ಕಳಿಸಲು ಆ ಮುದುಕಿಯ ಬಳಿ ಏನೂ ಇರಲಿಲ್ಲ.

ವಿದೇಶಿಯರ ನೋಂದಣಿ ನೋಡುವ ಪೊಲೀಸ್ ಕಚೇರಿಗೆ ನಾನೇ ಅವಳೊಂದಿಗೆ ಹೋದೆ. ಅಲ್ಲಿನ ಅಧಿಕಾರಿ ಸಜ್ಜನರು. ಪ್ರಕರಣ ನ್ಯಾಯಾಲಯದಲ್ಲಿದೆ ಎಂಬ ಕಾರಣ ಬರೆದು ಶಿಫಾರಸು ಮಾಡಿದರು, ಅಲ್ಪಾವಧಿಯ ವಿಸ್ತರಣೆ ಸಿಕ್ಕಿತು. ಆ ದಿನ ಶಾಂತಾಬಾಯಿ ಶಿರಾ ಮಾಡಿ ಎಲ್ಲರಿಗೂ ಹಂಚಿದಳು. ಆದರೆ ಮಲ್ಲಿಕಾರ್ಜುನ ವಿಚ್ಛೇದನಕ್ಕೆ ಅರ್ಜಿ ಹಾಕಿದ. ಈಕೆ ನನ್ನೊಂದಿಗೆ ಇಲ್ಲ, ಇವಳ ಜವಾಬ್ದಾರಿ ನನ್ನದಲ್ಲ ಎಂದು ಆ ಪೊಲೀಸ್ ಕಚೇರಿಗೂ ಬರೆದುಕೊಟ್ಟ. ವೀಸಾ ವಿಸ್ತರಣೆಯ ಮುಂದಿನ ಅರ್ಜಿ ತಿರಸ್ಕೃತವಾಯಿತು, ದೇಶ ಬಿಡಲು ಗಡುವು ಬಂತು.

ನಿಲ್ಮಿನಿ, ನಾನು, ವಕೀಲೆ ಮೂವರೂ ವಕೀಲೆಯ ಕೋಣೆಯಲ್ಲಿ ಕೂತೆವು. ಮಗು ಮೇಜಿನ ಕೆಳಗೆ ಆಡುತ್ತಿತ್ತು.

“ಸುಮ್ಮನ ಎಲ್ಲರೆ ಉಳದ್ರ?” ಎಂದು ನಿಲ್ಮಿನಿ ಕೇಳಿದಳು.

“ಅವಧಿ ಮೀರಿ ಉಳಿದರೆ ಅಪರಾಧ. ಹಿಡಿದು ಹೊರಗೆ ಕಳಿಸಿದರೆ ಮತ್ತೆ ಈ ದೇಶಕ್ಕೆ ಬರಲು ಬಿಡಲಿಕ್ಕಿಲ್ಲ” ಎಂದರು ವಕೀಲೆ. “ಹೈಕೋರ್ಟಿಗೆ ಹೋಗಬಹುದು. ಗೆಲ್ಲುತ್ತೇವೆ ಅಂತ ಹೇಳಲಾರೆ. ಮುಗಿಯುವವರೆಗೆ ನೀವು ಎಲ್ಲಿರುತ್ತೀರಿ, ಏನು ತಿನ್ನುತ್ತೀರಿ, ಅದಕ್ಕೆ ಕಾಯ್ದೆಯಲ್ಲಿ ದಾರಿಯಿಲ್ಲ. ಕಾಯ್ದೆ ಪ್ರಕಾರ ಹೊರಟರೆ ಪ್ರವಾಸಿ ವೀಸಾದ ಮೇಲೆ ಬಂದು ಮಗುವನ್ನು ನೋಡಬಹುದು.”

“ಕೂಸಿನ್ನ?”

“ಕರೆದೊಯ್ಯಲು ಅನುಮತಿ ಕೇಳಿದೆವು. ನ್ಯಾಯಾಲಯ ಒಪ್ಪಲಿಲ್ಲ.”

ನಿಲ್ಮಿನಿ ಬಗ್ಗಿ ಮಗಳನ್ನು ಮೇಜಿನ ಕೆಳಗಿನಿಂದ ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಅಳಲಿಲ್ಲ. ನನ್ನ ಕಡೆ ತಿರುಗಿ ಮೊದಲ ಸಲ ಅಕ್ಕಾ ಎಂದಳು. “ಅಕ್ಕಾ, ಕೂಸಿನ್ನ ಅವರ ಕೈಯಾಗ ಕೊಡಬ್ಯಾಡ್ರಿ. ಮುದುಕಿ ಕೈಯಾಗ ಕೊಡ್ರಿ.”

ಹಾಗೆಯೇ ಆಯಿತು. ಮಗು ಅಜ್ಜಿಯ ಆರೈಕೆಯಲ್ಲಿರಲಿ, ವಾರಕ್ಕೊಮ್ಮೆ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡಿಸಲಿ ಎಂದು ಎರಡೂ ಕಡೆಯವರ ಒಪ್ಪಿಗೆಯ ಮೇಲೆ ನ್ಯಾಯಾಲಯ ಬರೆಯಿತು. ಗುರುಬಾಯಿ ನನ್ನ ಕಚೇರಿಗೆ ಬಂದರು. ನಿಲ್ಮಿನಿ ಮಗಳ ತಲೆ ಬಾಚಿ, ಜಡೆ ಹೆಣೆದು, ಯಾವ ಎಣ್ಣೆ ಹಚ್ಚಬೇಕು, ಜ್ವರ ಬಂದರೆ ಏನು ಕೊಡಬೇಕು ಎಲ್ಲ ಅತ್ತೆಗೆ ಹೇಳಿದಳು. ಮುದುಕಿ ಹೂಂ ಎನ್ನುತ್ತ ಅಳುತ್ತಿದ್ದರು. “ಅಜ್ಜಿ ಜೋಡಿ ಹೋಗವ್ವಾ” ಎಂದಾಗ ಅಂಜಲಿ ಖುಷಿಯಿಂದಲೇ ಹೋಯಿತು. ಅಜ್ಜಿಯ ಮನೆ ಅದಕ್ಕೆ ಪರಿಚಿತ. ಜೀಪಿನ ಹತ್ತಿರ ಹೋಗಿ, ತಾಯಿ ಬರುತ್ತಿಲ್ಲವೆಂದು ತಿಳಿದ ಮೇಲೆ ಕಿರುಚಿಕೊಂಡಿತು. ನಿಲ್ಮಿನಿ ಒಳಗಿನಿಂದ ಕಿಟಕಿಯ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಹಚ್ಚಿ ನಿಂತಳು.

ನಾಗರ ಪಂಚಮಿಯ ಮುಂಚಿನ ದಿನ, ವಿಮಾನ ಹಿಡಿಯಲು ಹೊರಟ ಅವಳನ್ನು ಕಲಬುರಗಿಯಲ್ಲಿ ಬಸ್ ಹತ್ತಿಸಿದೆ. ತವರಿಗೆ ಹೊರಟ ಹೆಣ್ಣುಮಕ್ಕಳಿಂದ ಬಸ್ ನಿಲ್ದಾಣ ತುಂಬಿತ್ತು. ಪಕ್ಕದ ಸೀಟಿನಾಕೆ, “ನೀವೂ ಪಂಚಮಿಗೆ ಹೊಂಟೀರೇನ್ರಿ?” ಎಂದು ಕೇಳಿದಳು. ನಿಲ್ಮಿನಿ “ಹೌದ್ರಿ” ಎಂದಳು.

ಶುರುವಿನಲ್ಲಿ ಫೋನು ನಡೆಯಿತು. ಆಮೇಲೆ ಮಗು ಮಲಗಿದೆ, ನೆಟ್‌ವರ್ಕ್ ಇಲ್ಲ ಎಂದರು, ಆಮೇಲೆ ನಂಬರೇ ಬದಲಾಯಿತು. ನಾನು ನೋಟಿಸು ಕಳಿಸಿದರೆ ಎರಡು ವಾರ ಮಾತಾಡಿಸಿ ಮತ್ತೆ ನಿಲ್ಲಿಸಿದರು. ಆದೇಶ ಮುರಿದರೆಂದು ದೂರು ಕೊಡಬೇಕಾದವಳು ಸಮುದ್ರದಾಚೆ ಇದ್ದಳು. ವಿಚ್ಛೇದನವಾಯಿತು, ಮಲ್ಲಿಕಾರ್ಜುನ ಮರುಮದುವೆಯಾದ. ನಾನು ನಿವೃತ್ತಳಾದೆ. ನಿಲ್ಮಿನಿ ಹೊಟ್ಟೆಪಾಡಿಗೆ ಮತ್ತೆ ಗಲ್ಫಿಗೆ ಹೋಗಿದ್ದಾಳೆ. ಭಾರತಕ್ಕೆ ಬರುವಷ್ಟು ರಜೆ ಅವಳಿಗೆ ಇನ್ನೂ ಸಿಕ್ಕಿಲ್ಲ.

ಹೋದ ವರ್ಷ ಶಾಂತಾಬಾಯಿಯ ಮಗಳ ಮದುವೆಗೆ ಗೊಬ್ಬೂರಿಗೆ ಹೋದವಳು ಆ ಮನೆಯ ಮುಂದೆ ನಿಂತೆ. ಗುರುಬಾಯಿ ಹಾಸಿಗೆ ಹಿಡಿದಿದ್ದರು. ಅಂಜಲಿ ಕಟ್ಟೆಯ ಮೇಲೆ ಶಾಲೆಯ ಪಾಠ ಓದುತ್ತಿತ್ತು, ನನ್ನ ಗುರುತು ಹತ್ತಲಿಲ್ಲ.

“ನಿಮ್ಮವ್ವ ಎಲ್ಲಿದ್ದಾಳವಾ?” ಎಂದು ಕೇಳಿಬಿಟ್ಟೆ.

“ಯಡ್ರಾಮಿಗೆ ಹೋಗ್ಯಾಳ್ರಿ, ತವರಿಗೆ. ನಾಳೆ ಬರ್ತಾಳ.”

ಶಾಲೆಗೆ ಹೋಗುತ್ತಾಳೆ, ಎತ್ತರವಾಗಿದ್ದಾಳೆ, ಚೆನ್ನಾಗಿ ಓದುತ್ತಾಳೆ ಎಂದು ಆ ಸಂಜೆ ನಿಲ್ಮಿನಿಗೆ ಬರೆದೆ. ಉಳಿದದ್ದು ಬರೆಯಲಿಲ್ಲ.

ಈಗಲೂ ಇಲಾಖೆಯವರು ಹೊಸಬರ ತರಬೇತಿಗೆ ಒಮ್ಮೊಮ್ಮೆ ನನ್ನನ್ನು ಕರೆಯುತ್ತಾರೆ. ಹೊರದೇಶದ ಹೆಣ್ಣುಮಗಳು ಬಂದರೆ ಗಾಯ ನೋಡಿದ ಕೂಡಲೇ, ಅವಳು ಇಲ್ಲಿರುವುದು ಯಾರ ಸಹಿಯ ಮೇಲೆ, ಎಲ್ಲಿಯವರೆಗೆ ಎಂದು ಕೇಳಿ ಎನ್ನುತ್ತೇನೆ. ಕೇಳಿದರೆ ದಾರಿ ಸಿಗುತ್ತದೆಯೇ ಎಂದು ಯಾರಾದರೂ ಕೈ ಎತ್ತುತ್ತಾರೆ. ಬಹಳ ಸಲ ಸಿಗುವುದಿಲ್ಲ ಎಂದೇ ಹೇಳುತ್ತೇನೆ. ಆಗ ಅದನ್ನು ಅವಳಿಗೆ ಮೊದಲ ದಿನವೇ, ಕೂರಿಸಿಕೊಂಡು, ತಿಳಿಯುವ ಮಾತಿನಲ್ಲಿ ಹೇಳಬೇಕು. ಮಗುವಿನ ಜೊತೆ ಉಳಿದಿರುವ ದಿನಗಳು ಎಷ್ಟೆಂದು ಆ ತಾಯಿಗಾದರೂ ತಿಳಿದಿರಲಿ.