ದೊಡ್ಡವ್ವನಿಗೆ ಕೊಡದ ಹಾಳೆ

ನಾನು ವಿಶ್ವವಿದ್ಯಾಲಯದಲ್ಲಿ ರೇಷ್ಮೆಗೂಡಿನಿಂದ ಗಾಯಕ್ಕೆ ಹೊದಿಸುವ ಹಾಳೆ ಮಾಡುವ ಸಂಶೋಧನೆಯಲ್ಲಿದ್ದೇನೆ. ಗೂಡು ಕತ್ತರಿಸಿ, ಹುಳು ತೆಗೆದು, ಬಟ್ಟೆ ಸೋಡಾ ಹಾಕಿದ ನೀರಲ್ಲಿ ಕುದಿಸಿ ಅಂಟು ಬಿಡಿಸಬೇಕು. ಉಳಿದ ಎಳೆಯನ್ನು ಕರಗಿಸಿ ತೆಳ್ಳಗೆ ಹುಯ್ದು ಒಣಗಿಸಬೇಕು. ಅದರ ಮೇಲೆ ಚರ್ಮದ ಜೀವಕೋಶಗಳು ಹಬ್ಬುತ್ತವೆ. ಚರ್ಮ ಕೂಡಿಕೊಂಡ ಮೇಲೆ ಹಾಳೆ ತಾನೇ ಕರಗಿಹೋಗುತ್ತದೆ. ಹೇಳಲು ಸುಲಭ. ಎಷ್ಟೋ ಸಲ ಹಾಳೆ ಹಪ್ಪಳದ ಹಾಗೆ ಮುರಿದು ವಾರವಿಡೀ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಗಿದೆ.

ಗೂಡು ಬರುವುದು ಮುಳ್ಳೂರಿನ ದೊಡ್ಡವ್ವನ ಮನೆಯಿಂದ. ದೊಡ್ಡವ್ವ ಅಂದರೆ ಅಮ್ಮನ ಅಕ್ಕ. ಕೊಳ್ಳೇಗಾಲದ ಮಾರುಕಟ್ಟೆಯಲ್ಲೂ ಗೂಡು ಸಿಗುತ್ತದೆ, ಆದರೆ ಹುಳು ಯಾವ ಔಷಧಿ ಹೊಡೆದ ಹಿಪ್ಪುನೇರಳೆ ಸೊಪ್ಪು ತಿಂದಿದೆಯೋ ಗೊತ್ತಾಗುವುದಿಲ್ಲ. ದೊಡ್ಡವ್ವ ಔಷಧಿ ಹೊಡೆಯುವುದಿರಲಿ, ವಾಸನೆ ಹುಳುವಿಗೆ ಆಗದು ಅಂತ ಪೌಡರ್ ಹಾಕಿಕೊಂಡವರನ್ನೂ ಹುಳುವಿನ ಮನೆಗೆ ಬಿಟ್ಟುಕೊಳ್ಳುವುದಿಲ್ಲ. ನನ್ನನ್ನೂ ಬಾಗಿಲಲ್ಲೇ ಮೂಸಿ, ಕಾಲು ತೊಳೆಸಿ ಒಳಗೆ ಬಿಡುತ್ತಾಳೆ.

ಅವಳಿಗೆ ಸಕ್ಕರೆ ಕಾಯಿಲೆ. ಹೋದ ಮಳೆಗಾಲದಲ್ಲಿ ಕಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ನಾನು ಗೂಡು ತರಲು ಹೋದಾಗ ಕಾಲು ಚಾಚಿ, ನಿನ್ನ ಹಾಳೆ ಒಂದು ತಂದು ಹಾಕು ಅಂದಳು. ಇನ್ನೂ ಇಲಿಗಳ ಮೇಲೆ ಹಾಕಿ ನೋಡುತ್ತಿದ್ದೇವೆ, ಮನುಷ್ಯರಿಗೆ ಹಾಕಲು ಅನುಮತಿ ಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಮೊದಲು ಆಸ್ಪತ್ರೆಗೆ ನಡಿ ಅಂದೆ.

"ಇಲಿಗ್ ಆಕ್ತೀಯ, ನಂಗ್ ಆಕಾಕಿಲ್ವಾ?" ಅಂತ ಕೇಳಿದಳು. ನಾನು ನಕ್ಕಿದ್ದಕ್ಕೆ ಮುಖ ತಿರುಗಿಸಿದಳು. ಈ ಗೂಡಿನ ಬೆಳೆ ಮುಗಿಯಲಿ, ಆಮೇಲೆ ಆಸ್ಪತ್ರೆ ಅಂತ ಮಾತು ಮುಗಿಸಿದಳು.

ಮುಂದಿನ ಸಲ ಹೋದಾಗ ಕಾಲಿಗೆ ಬಟ್ಟೆ ಸುತ್ತಿತ್ತು, ವಾಸನೆ ಬರುತ್ತಿತ್ತು. ಬಿಚ್ಚಿದರೆ ಒಳಗೆ ಅರ್ಧ ರೇಷ್ಮೆಗೂಡು. ಬೆಳೆಯಲ್ಲೇ ಚೆನ್ನಾಗಿದ್ದುದನ್ನು ಆರಿಸಿ, ಕತ್ತರಿಸಿ, ಹುಳು ತೆಗೆದು ಗಾಯಕ್ಕೆ ಒತ್ತಿ ಕಟ್ಟಿಕೊಂಡಿದ್ದಳು. ನೀನು ಕೊಡಲಿಲ್ಲ, ನಾನೇ ಮಾಡಿಕೊಂಡೆ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕುದಿಸದ ಗೂಡು, ಅದರ ಅಂಟು, ಹುಳುವಿನ ಮನೆಯಲ್ಲಿ ಎರಚುವ ಸುಣ್ಣದ ಪುಡಿ, ಎಲ್ಲ ಗಾಯದೊಳಗೆ. ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಲೇ ಆಟೋ ಹತ್ತಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕೀವು ಮೂಳೆಗೆ ಇಳಿದಿತ್ತು. ಹೆಬ್ಬೆರಳು ತೆಗೆದರು. ನನ್ನ ಹಾಳೆ ಹಾಕಿದ್ದರೆ ಬೆರಳು ಉಳಿಯುತ್ತಿತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಸಕ್ಕರೆ ಕಾಯಿಲೆಯ ಗಾಯದ ಮೇಲೆ ನಾವಿನ್ನೂ ಹಾಕಿ ನೋಡಿಯೇ ಇರಲಿಲ್ಲ. ನೀನು ಹಾಳೆ ಕೊಟ್ಟಿದ್ದರೆ ಬೆರಳು ಉಳಿಯುತ್ತಿತ್ತು ಅಂತ ಆಸ್ಪತ್ರೆಗೆ ಬಂದು ದೂರಿದ ದೊಡ್ಡವ್ವನ ಮಗನಿಗೆ ಇದನ್ನು ಬಿಡಿಸಿ ಹೇಳಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಡ್ರೆಸ್ಸಿಂಗ್ ಬದಲಿಸುವಾಗ ನಾನು ಪಕ್ಕದಲ್ಲಿದ್ದೆ. ಬೆರಳಿದ್ದ ಜಾಗ ಕೆಂಪಗಿತ್ತು. ನರ್ಸ್ ಹತ್ತಿ ತರಲು ಹೋದಾಗ ದೊಡ್ಡವ್ವ ನನ್ನ ಕೈ ಹಿಡಿದುಕೊಂಡಳು.

"ನಾನ್ ಕಟ್ಕಂಡಿದ್ದು ತಪ್ಪು ಕನ ಮಗ. ಈ ಗಾಯ್ಕಾದ್ರೂ ನಿಂದು ತಂದಾಕು."

ಲ್ಯಾಬಿನಲ್ಲಿ ಹಾಳೆಗಳು ಒಣಗಿ ಸಿದ್ಧವಾಗಿದ್ದವು, ಅವಳದೇ ಗೂಡಿನವು. ಒಂದು ತಂದು ಹಾಕಿಬಿಡೋಣ ಅನ್ನಿಸಿದ್ದೂ ನಿಜ. ಆಗೋದಿಲ್ಲ ದೊಡ್ಡವ್ವ ಅಂದೆ. ಅವಳು ನನ್ನ ಕೈ ಬಿಟ್ಟಳು.