ಮಡಿ ರೆಕ್ಸಿನ್

ನಮ್ಮ ಮನೆಯಲ್ಲಿ ಸುಳ್ಳು ಹೇಳುವವರಿಗೆ ಎಂದೂ ಬರವಿರಲಿಲ್ಲ. ಆದರೆ ನನ್ನ ಓರಗಿತ್ತಿ ಪಂಕಜಕ್ಕ ಹೇಳಿದ ಸುಳ್ಳಿನಷ್ಟು ಗಟ್ಟಿಯಾಗಿ ಬಾಳಿದ್ದು ಇನ್ನೊಂದಿಲ್ಲ. ಆ ಸುಳ್ಳಿಗೆ ರೆಕ್ಸಿನ್ ಎಂದು ಹೆಸರು.

ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಅತ್ತೆ ಸೀತಾಲಕ್ಷ್ಮಮ್ಮ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯರು. ಹಿರಿಯವರು ಪಟ್ಟಾಭಿರಾಮ ಭಾವ, ಪಂಕಜಕ್ಕನ ಗಂಡ, ಸರ್ಕಾರಿ ಕಾರ್ಖಾನೆಯಲ್ಲಿ ವೆಲ್ಡರ್. ಕಿರಿಯವರು ದ್ವಾರಕಾನಾಥ, ಅದೇ ಕಾರ್ಖಾನೆ. ನನ್ನ ಪಾಲಿಗೆ ಬಂದ ಗಂಡ ಅದು. ಎಂಬತ್ತೊಂದರ ಶುರುವಿನಲ್ಲಿ ಕಾರ್ಖಾನೆಗಳ ದೊಡ್ಡ ಮುಷ್ಕರ ನಡೆಯಿತಲ್ಲ, ಆಗ ಅಣ್ಣತಮ್ಮ ಇಬ್ಬರೂ ಜಗಲಿಯ ಮೇಲೆ ಕೂತು ದೇಶ ಆಳತೊಡಗಿದರು. ದೇಶ ಆಳುವವರಿಗೆ ಗಂಟೆಗೊಂದು ಕಾಫಿ ಬೇಕು. ಸಕ್ಕರೆ ಡಬ್ಬಿ ತಳ ಕಂಡ ದಿನ ಪಂಕಜಕ್ಕ ಸೆರಗು ಸಿಕ್ಕಿಸಿಕೊಂಡು ಪೀಣ್ಯಕ್ಕೆ ಹೊರಟಳು. ಅಲ್ಲಿ ಹನುಮಂತರಾಯಪ್ಪ ಎನ್ನುವವರ ಶೆಡ್ಡಿನ ಮುಂದೆ ಹೊಲಿಗೆ ಬಲ್ಲ ಹೆಂಗಸರು ಬೇಕು ಎಂದು ಬೋರ್ಡು ಹಾಕಿದ್ದರು.

ಒಳಗೆ ಹೋಗಿ ನೋಡಿದರೆ ಹೊಲಿಯಬೇಕಾದದ್ದು ಲಂಗವಲ್ಲ, ರವಿಕೆಯಲ್ಲ. ವೆಲ್ಡಿಂಗ್ ಮಾಡುವವರ ಕೈಗವಸು, ಏಪ್ರನ್ನು. ಎಲ್ಲವೂ ಎಮ್ಮೆ ಚರ್ಮ. ತುಳಸಿ ಕಟ್ಟೆಗೆ ಸುತ್ತು ಬಾರದೆ ಕಾಫಿ ಕುಡಿಯದ ಮನೆಯ ಹೆಣ್ಣು ವಾಪಸು ಬರಬೇಕಿತ್ತು. ಬರಲಿಲ್ಲ. ಸಂಜೆ ಹಿತ್ತಲಿನ ನಲ್ಲಿಯಲ್ಲಿ ಸ್ನಾನ ಮಾಡಿಯೇ ಒಳಗೆ ಬಂದಳು.

"ಏನು ಬಟ್ಟೆಯೇ ಹೊಲಿಯೋದು?" ಎಂದರು ಅತ್ತೆ.

"ರೆಕ್ಸಿನ್, ಅತ್ತೆ."

"ಹಾಗಂದ್ರೆ?"

"ಪ್ಲಾಸ್ಟಿಕ್ ಜಾತಿ."

ಪ್ಲಾಸ್ಟಿಕ್ಕಿಗೆ ತಂದೆತಾಯಿ ಇಲ್ಲ, ಗೋತ್ರವಿಲ್ಲ, ಸತ್ತ ಮೇಲೆ ಸೂತಕವೂ ಇಲ್ಲ. ಆದ್ದರಿಂದ ಮೈಲಿಗೆಯಿಲ್ಲ ಎಂದು ತೀರ್ಪಾಯಿತು. ಅಂದಿನಿಂದ ಅವಳ ಚೀಲ, ಕತ್ತರಿ, ಸೀರೆಗೆ ಅಂಟಿಕೊಂಡು ಬರುತ್ತಿದ್ದ ವಾಸನೆ, ಎಲ್ಲಕ್ಕೂ ನಮ್ಮ ಮನೆಯಲ್ಲಿ ರೆಕ್ಸಿನ್ ಎಂದೇ ಹೆಸರು. ಮಳೆ ಬಂದ ದಿನ ರೆಕ್ಸಿನ್ ವಾಸನೆ ನಡುಮನೆಗೂ ಬರುತ್ತಿತ್ತು. ಅತ್ತೆ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚುತ್ತಿದ್ದರು.

ಶೆಡ್ಡಿನಲ್ಲಿ ಅವಳು ಮೊದಲು ಮಾಡಿದ್ದು ಹೊಲಿಗೆ ಬಲ್ಲವರು ಮಾತ್ರ ಮಾಡುವ ತಪ್ಪು. ರವಿಕೆಗೆ ಸಣ್ಣ ಹೊಲಿಗೆ ಹಾಕಿದರೆ ಭೇಷ್ ಎನ್ನುತ್ತಾರೆ. ಅದೇ ಅಭ್ಯಾಸದಲ್ಲಿ ದೊಡ್ಡ ಮೆಷೀನಿನಲ್ಲೂ ಸಾಸಿವೆ ಜೋಡಿಸಿದ ಹಾಗೆ ಸಣ್ಣ ಸಣ್ಣ ಹೊಲಿಗೆ ಹಾಕಿ, ಹೊಗಳಿಕೆಗಾಗಿ ಕಾದು ಕೂತಳು. ಮೆಷೀನಿಗೆ ಸಿಗದ ಮೂಲೆಗಳನ್ನು ಕೈಯಲ್ಲಿ ಹೊಲಿಯುತ್ತಿದ್ದ ಮುನಿಯಕ್ಕ ಆ ಕೈಗವಸನ್ನು ಎತ್ತಿಕೊಂಡು ಎರಡು ಕಡೆ ಹಿಡಿದು ಎಳೆದಳು. ಪರ್ರ್ ಎಂದು ಹೆಬ್ಬೆರಳು ಕೈಗೆ ಬಂತು.

"ಕೈಗವ್ಸು ಒಲಿ ಅಂದ್ರೆ ಅಂಚೆ ಸ್ಟಾಂಪ್ ಮಾಡಿ ಕೊಟ್ಟವ್ಳೆ ನೋಡ್ರಮ್ಮೋ! ಇಂಗೆ ಒತ್ತೊತ್ತಿಗೆ ತೂತು ಒಡುದ್ರೆ ಅರೀದೆ ಇನ್ನೇನಕ್ಕಯ್ಯ ಆಗ್ತದೆ?"

ಇಡೀ ಶೆಡ್ಡು ನಕ್ಕಿತು. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿ ಒಮ್ಮೆ ಕೊಡವಿದರೆ ತೂತು ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಒಮ್ಮೆ ಚುಚ್ಚಿದ್ದು ಚುಚ್ಚಿದ ಹಾಗೇ. ಹೊಲಿಗೆ ದೂರದೂರವಾಗಿ, ಯೋಚಿಸಿ ಬೀಳಬೇಕು. ಕೈಹೊಲಿಗೆಯನ್ನೂ ಮುನಿಯಕ್ಕನೇ ಕಲಿಸಿದಳು. ಮೊದಲು ದಬ್ಬಳದಂಥ ಆರಿಯಿಂದ ತೂತು. ಆಮೇಲೆ ಮೇಣ ಉಜ್ಜಿದ ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿ. ಎರಡು ಸೂಜಿಯೂ ಒಂದೇ ತೂತಿನಲ್ಲಿ, ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ಹಾಯಬೇಕು. ಒಂದು ಕಡೆ ದಾರ ಸವೆದರೂ ಇನ್ನೊಂದು ಹಿಡಿದಿರುತ್ತದೆ. "ಗಂಡ ಎಂಡ್ತಿ ಇದ್ದಂಗೆ ಅಲ್ವಾ ಮುನಿಯಕ್ಕ?" ಎಂದು ಯಾರೋ ಕೇಳಿದ್ದಕ್ಕೆ, "ಅವ್ರಲ್ಲಿ ಇಡ್ಕೊಳೋದು ಒಬ್ರೇ ಬಿಡು," ಎಂದಳಂತೆ.

ಆದರೆ ಪಂಕಜಕ್ಕನ ಜೀವ ಇದ್ದದ್ದು ಆ ಮೆಷೀನಿನಲ್ಲಿ. ಕಾಲಿಟ್ಟರೆ ನೆಲ ನಡುಗುತ್ತಿತ್ತಂತೆ. ನನಗೆ ಹೇಳುತ್ತಿದ್ದಳು: "ಅದು ಓಡೋವಾಗ ಯಾರು ಕೂಗಿದ್ರೂ ಕೇಳಿಸಲ್ಲ ಕಣೇ ಪ್ರಭಾ. ಕಾಫಿ ಅಂತ ಕೂಗೋರೂ ಇಲ್ಲ. ಹುಟ್ಟಿದಾಗಿನಿಂದ ನನ್ನನ್ನ ಯಾರೂ ಕರೀದೇ ಇದ್ದದ್ದು ಅಲ್ಲಿ ಮಾತ್ರ." ನನಗೆ ಅಸೂಯೆಯಾಗಿತ್ತು. ಈಗಲೂ ಇದೆ.

ಮುಷ್ಕರ ಮುಗಿದರೂ ಅವಳು ಹೋಗುತ್ತಲೇ ಇದ್ದಳು. ಎರಡು ವರ್ಷ ಕಳೆದ ಮೇಲೆ ಕಾರ್ಖಾನೆಯ ಸ್ಟೋರಿನಿಂದ ಭಾವನಿಗೆ ಹೊಸ ಕೈಗವಸು ಬಂತು. ಒಳಗಿನ ಪಟ್ಟಿಯ ಮೇಲೆ ಹನುಮಂತರಾಯಪ್ಪನ ಶೆಡ್ಡಿನ ಮುದ್ರೆ. ಭಾವ ಮೂಸಿದರು, ಮನೆಯಲ್ಲಿ ದಿನಾ ಬರುವ ರೆಕ್ಸಿನ್ ವಾಸನೆಯೇ. ಆ ರಾತ್ರಿ ಕೋಣೆಯಲ್ಲಿ ಪಿಸುಮಾತಿನ ಮಹಾಯುದ್ಧ. ನಮ್ಮ ಗೋಡೆ ತೆಳು.

"ಚರ್ಮಾನಾ? ಥೂ! ಅಮ್ಮಂಗೆ ಗೊತ್ತಾದ್ರೆ ಎದೆ ಬಡ್ಕೋತಾಳೆ!"

"ನೀವು ಕೈಗೆ ಹಾಕ್ಕೊಂಡ್ರೆ ಡ್ಯೂಟಿ, ನಾನು ಹೊಲಿದ್ರೆ ಮೈಲಿಗೇನಾ?"

ಮಾತಿನಲ್ಲಿ ಸೋತ ಗಂಡಸು ಮಾಡುವುದನ್ನೇ ಭಾವ ಮಾಡಿದರು, ಅಪ್ಪಣೆ ಕೊಟ್ಟರು. ಅಪ್ಪನ ತಿಥಿಯವರೆಗೆ ಹೋಗಬಹುದು, ಅದಾದ ಮೇಲೆ ಪೀಣ್ಯದ ಕಡೆ ತಲೆ ಹಾಕಿಯೂ ಮಲಗಕೂಡದು. ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಪಂಕಜಕ್ಕ ಅತ್ತಳು. ಮದುವೆಯಾಗಿ ಬಂದಾಗ ಅತ್ತಿದ್ದಕ್ಕಿಂತ ಜೋರಾಗಿ ಅತ್ತಳು. ನನಗೆ ಭಾವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವರ ಪಂಚೆಯನ್ನು ಎರಡೇಟು ಹೆಚ್ಚಿಗೆ ಬಡಿದೆ.

ತಿಥಿಗೆ ಮೂರು ದಿನ ಇರುವಾಗ ಅತ್ತೆ ಪೆಟ್ಟಿಗೆಯಿಂದ ಮಾವನವರ ಕೃಷ್ಣಾಜಿನ ತೆಗೆದರು. ಮಾವ ಜಪಕ್ಕೆ ಕೂರುತ್ತಿದ್ದ ಜಿಂಕೆ ಚರ್ಮ ಅದು. ವರ್ಷಕ್ಕೊಮ್ಮೆ, ತಿಥಿಯ ಬೆಳಿಗ್ಗೆ, ಭಾವ ಅದರ ಮೇಲೆ ಕೂತು ಸಂಧ್ಯಾವಂದನೆ ಮಾಡಬೇಕು. ಬಿಡಿಸಿದರೆ ನಟ್ಟನಡುವೆ ಇಲಿ ಕಡಿದು ಅಂಗೈ ಅಗಲ ಹರಿದಿತ್ತು. ಅತ್ತೆ, ಗಂಡ ಇನ್ನೊಮ್ಮೆ ತೀರಿಹೋದರೇನೋ ಎಂಬಂತೆ ಕೂತುಬಿಟ್ಟರು. ಭಾವ ಅದನ್ನು ಸುತ್ತಿಕೊಂಡು ಬೀದಿ ಕೊನೆಯ ಟೈಲರ್ ನಾಣಿಯ ಹತ್ತಿರ ಓಡಿದರು. ನಾಣಿ ಕೆಲಸದಲ್ಲಿ ಬಲು ಅಚ್ಚುಕಟ್ಟು. ಸಾಸಿವೆ ಹೊಲಿಗೆ ಹಾಕಿ ಕಳಿಸಿದ. ಮನೆಗೆ ತಂದು ಹಾಸುವಷ್ಟರಲ್ಲಿ ಹೊಲಿಗೆಯ ಗುಂಟ ಸ್ಟಾಂಪಿನ ಹಾಗೆ ಹರಿದು, ತೂತು ಎರಡರಷ್ಟಾಯಿತು.

ಅತ್ತೆ ಸದ್ದಿಲ್ಲದೆ ಕಣ್ಣೀರು ಹಾಕುತ್ತಿದ್ದರು. ಭಾವ ಹೊರಗೆ ಹೋಗಿದ್ದರು. ಪಂಕಜಕ್ಕ ಬಾಗಿಲ ಬಳಿ ನಿಂತು ಆ ಚರ್ಮವನ್ನೇ ನೋಡುತ್ತಿದ್ದಳು. ಹೊಲಿದರೆ ಗುಟ್ಟು ರಟ್ಟಾಗುತ್ತದೆ, ಉಳಿದ ಮೂರು ದಿನದ ಮೆಷೀನೂ ಕೈತಪ್ಪುತ್ತದೆ. ಸುಮ್ಮನಿದ್ದರೆ ಅತ್ತೆಯ ಕಣ್ಣೀರು ನಿಲ್ಲುವುದಿಲ್ಲ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಅವಳು ಒಳಗೆ ಹೋಗಿ ಆರಿ, ಮೇಣದ ದಾರ, ಎರಡು ಸೂಜಿ ತಂದಳು.

"ಅತ್ತೆ, ನಾನು ಹೊಲೀತೀನಿ. ಒಣಗಿದ ಚರ್ಮ, ಮೆಷೀನ್ ತಡ್ಕೊಳಲ್ಲ, ಕೈಲೇ ಹೊಲೀಬೇಕು. ಆದ್ರೆ ಅಡೀಲಿ ಒಂದು ತೇಪೆ ಬೇಕು." ಚೀಲದಿಂದ ಕೈಗವಸಿನ ತುಂಡೊಂದನ್ನು ತೆಗೆದಳು. "ಇದು ರೆಕ್ಸಿನ್ ಅಲ್ಲ ಅತ್ತೆ. ಎಮ್ಮೆ ಚರ್ಮ. ನಾನು ದಿನಾ ಹೊಲಿಯೋದು ಇದನ್ನೇ."

ಅತ್ತೆ ಆ ತುಂಡನ್ನು ಕೈಗೆ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ನಮ್ಮಪ್ಪನ ಹೊಲದಲ್ಲಿ ಕಪಿಲೆ ಬಾವಿ ಇತ್ತು ಕಣೇ. ಚರ್ಮದ ಚೀಲದಲ್ಲಿ ಎತ್ತುಗಳು ನೀರೆಳೆಯೋವು. ಆ ನೀರು ಕುಡಿದೇ ನಾನು ಬೆಳೆದದ್ದು. ಈ ವಾಸನೆ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ಮತ್ತೆ ಇಷ್ಟು ದಿನ..."

"ನೀನು ರೆಕ್ಸಿನ್ ಅಂದೆ. ನಾನು ಹೂಂ ಅಂದೆ. ಈಗ್ಯಾಕೆ ಮಾತು ಬದಲಾಯಿಸ್ತೀಯಾ? ರೆಕ್ಸಿನ್ನೇ ಹಾಕು."

ಪಂಕಜಕ್ಕ ಅಂದು ದೂರದೂರಕ್ಕೆ, ಯೋಚಿಸಿ ಯೋಚಿಸಿ ಹೊಲಿದಳು. ಅತ್ತೆ ಪಕ್ಕದಲ್ಲೇ ಕೂತು ದಾರಕ್ಕೆ ಮೇಣ ಉಜ್ಜಿಕೊಟ್ಟರು.

ತಿಥಿಯ ಬೆಳಿಗ್ಗೆ, ಅತ್ತೆ ಯಾರ ಕೈಲೋ ಹೊಲಿಸಿದ್ದಾರೆ ಎಂದುಕೊಂಡು ಭಾವ ಕೃಷ್ಣಾಜಿನದ ಮೇಲೆ ಗಂಭೀರವಾಗಿ ಕೂತರು. ಕೂತವರು ಮೊದಲು ಆಚಮನ ಮಾಡಬೇಕೋ ಬೇಡವೋ? ಅದಕ್ಕೂ ಮುಂಚೆ ಯಜಮಾನಿಕೆ ನೆನಪಾಯಿತು.

"ಅಮ್ಮ, ನಾಳೆಯಿಂದ ಪಂಕಜಾ ಕೆಲಸಕ್ಕೆ ಹೋಗಲ್ಲ."

"ಯಾಕಪ್ಪಾ?"

"ಅದು... ಹೇಳಬಾರದು ಅಂತಿದ್ದೆ. ಅದು ರೆಕ್ಸಿನ್ ಅಲ್ಲಮ್ಮ, ಎಮ್ಮೆ ಚರ್ಮ."

"ಗೊತ್ತು," ಎಂದರು ಅತ್ತೆ. "ನೀನು ಕೂತಿರೋದೂ ಅದರ ಮೇಲೇ."

ಭಾವ ಕೆಂಡ ಮುಟ್ಟಿದವರಂತೆ ಚಂಗನೆ ಎದ್ದರು. ಅಡುಗೆಮನೆಯ ಬಾಗಿಲಲ್ಲಿ ಪಂಕಜಕ್ಕ ಸೌಟು ಹಿಡಿದು ನಿಂತಿದ್ದಳು.

"ಕೂತ್ಕೋ ಪಟ್ಟಾಭಿ," ಎಂದರು ಅತ್ತೆ. "ಹೊತ್ತಾಗುತ್ತೆ, ಅರ್ಘ್ಯ ಬಿಡು. ನಾಳೆ ಅವಳಿಗೆ ಬೆಳಿಗ್ಗೇನೇ ಬಸ್ಸು."

ಭಾವ ಅಮ್ಮನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೆಳಗೆ ನೋಡಿದರು. ಆಮೇಲೆ ಪಂಚೆ ಸರಿಮಾಡಿಕೊಂಡು ಮೆಲ್ಲಗೆ ಕೂತರು. ಹೊಲಿಗೆ ಹಿಡಿದಿತ್ತು.